ಲಾವೋತ್ಸೆಯನ್ನು ಕೊನೆಗೆ ಓದಿ: ಚೀನಾದ ಹಳೆಯ ಚಿಂತನೆಗೆ ಒಂದು ಓದಿನ ದಾರಿ

ಲಾವೋತ್ಸೆಯ 'ದಾವ್ ದ ಜಿಂಗ್' ತೀರಾ ಚಿಕ್ಕ ಪುಸ್ತಕ. ಇರುವುದು 81 ಅಧ್ಯಾಯ, ಚೀನೀ ಲಿಪಿಯಲ್ಲಿ ಸುಮಾರು 5000 ಅಕ್ಷರ. ಒಂದು ಮಧ್ಯಾಹ್ನ ಕೂತರೆ ಮುಗಿದೇ ಹೋಗುತ್ತದೆ. ಅದಕ್ಕೇ ಚೀನಾದ ಹಳೆಯ ಚಿಂತನೆ ಓದೋಣ ಅಂತ ಹೊರಟವರು ಜಾಸ್ತಿ ಜನ ಅಲ್ಲಿಂದಲೇ ಶುರು ಮಾಡುತ್ತಾರೆ. 'ಚೆನ್ನಾಗಿದೆ, ಆದರೆ ಏನು ಹೇಳಿದ ಅಂತ ಗೊತ್ತಾಗಲಿಲ್ಲ' ಅಂದುಕೊಂಡು ಪುಸ್ತಕವನ್ನು ಕಪಾಟಿಗೆ ಸೇರಿಸುತ್ತಾರೆ. ಓದು ಅಲ್ಲಿಗೇ ನಿಲ್ಲುತ್ತದೆ.

ನಾನು ಹೇಳುವುದು ತಲೆಕೆಳಗಿನ ಕ್ರಮ. ಲಾವೋತ್ಸೆ ಕೊನೆಗಿರಲಿ. ಮೊದಲು ಸ್ವಲ್ಪ ಕನ್‌ಫ್ಯೂಷಿಯಸ್, ಆಮೇಲೆ ಚುವಾಂಗ್‌ತ್ಸೆ, ಅದಾದ ಮೇಲೆ ಲಾವೋತ್ಸೆ. ಯಾಕೆ ಅಂದರೆ ಇವು ಒಂಟಿಯಾಗಿ ಕೂತು ಧ್ಯಾನ ಮಾಡಿ ಬರೆದ ಪುಸ್ತಕಗಳಲ್ಲ. ಆ ಕಾಲದ ಚೀನಾದಲ್ಲಿ ಒಂದು ದೊಡ್ಡ ಜಗಳ ನಡೆದಿತ್ತು. ಕೆಟ್ಟು ಕೂತ ಲೋಕವನ್ನು ಸರಿ ಮಾಡಬೇಕೋ, ಇಲ್ಲ ಸರಿ ಮಾಡಲು ಹೋಗುವುದೇ ರೋಗವೋ ಅನ್ನುವುದು ಆ ಜಗಳದ ತಿರುಳು. ದಾವ್ ಅಂದರೆ ದಾರಿ. ದಾವ್ ಪುಸ್ತಕಗಳು, ಅಂದರೆ ಲಾವೋತ್ಸೆ ಮತ್ತು ಚುವಾಂಗ್‌ತ್ಸೆ, ಅದರಲ್ಲಿ ಒಂದು ಪಕ್ಷದ ಮಾತು; ಕನ್‌ಫ್ಯೂಷಿಯಸ್ ಎದುರು ಪಕ್ಷ. ಎದುರು ಪಕ್ಷದ ಮಾತು ಗೊತ್ತಿಲ್ಲದೆ ಇವನ್ನು ಓದಿದರೆ, ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಜಗಳ ಆಡುವುದನ್ನು ಒಂದೇ ಕಡೆಯಿಂದ ಕೇಳಿಸಿಕೊಂಡ ಹಾಗಿರುತ್ತದೆ.

ಮೊದಲು ಸುಭಾಷಿತಗಳನ್ನು ಬದಿಗಿಡಿ

'ಬೇಸರದಲ್ಲಿದ್ದರೆ ನೀವು ನಿನ್ನೆಯಲ್ಲಿದ್ದೀರಿ, ಆತಂಕದಲ್ಲಿದ್ದರೆ ನಾಳೆಯಲ್ಲಿದ್ದೀರಿ' ಅನ್ನುವ ಮಾತು ಲಾವೋತ್ಸೆಯ ಹೆಸರಿನಲ್ಲಿ ವಾಟ್ಸ್‌ಆ್ಯಪ್ ತುಂಬ ಓಡಾಡುತ್ತಿರುತ್ತದೆ. ಆ 81 ಅಧ್ಯಾಯಗಳಲ್ಲಿ ಅದು ಎಲ್ಲೂ ಇಲ್ಲ.

ನಿಜವಾಗಿ ಇರುವ ಮಾತುಗಳ ಪಾಡೂ ಅಷ್ಟೇನೂ ಚೆನ್ನಾಗಿಲ್ಲ. 'ಸಾವಿರ ಮೈಲಿಯ ಪಯಣ ಒಂದು ಹೆಜ್ಜೆಯಿಂದ ಶುರು' ಅನ್ನುವುದು 64ನೇ ಅಧ್ಯಾಯದ್ದು. ಹುಮ್ಮಸ್ಸು ತುಂಬಲು ಎಲ್ಲರೂ ಅದನ್ನು ಬಳಸುತ್ತಾರೆ. ಅದರ ಮರುಸಾಲನ್ನೇ ನೋಡಿ: ಮಾಡಹೊರಟವನು ಕೆಡಿಸುತ್ತಾನೆ, ಹಿಡಿಯಹೊರಟವನು ಕಳೆದುಕೊಳ್ಳುತ್ತಾನೆ. ಜ್ಞಾನಿ ಏನನ್ನೂ ಮಾಡಲು ಹೋಗುವುದಿಲ್ಲ, ಆದ್ದರಿಂದ ಏನನ್ನೂ ಕೆಡಿಸುವುದಿಲ್ಲ. ಇದನ್ನು ಯಾವ ತರಬೇತಿ ಶಿಬಿರದ ಗೋಡೆಯ ಮೇಲೂ ಬರೆಯುವುದಿಲ್ಲ, ಅಲ್ವಾ?

ಹಾಗಾಗಿ ಪುಸ್ತಕ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಅನುವಾದಕರ ಹೆಸರು ಇದೆಯಾ? ಚೀನೀ ಮೂಲದಿಂದ ಅನುವಾದ ಮಾಡಿದ್ದಾ, ಇಲ್ಲ ಬೇರೆ ಅನುವಾದಗಳನ್ನು ನೋಡಿ ಬರೆದದ್ದಾ? ಅಧ್ಯಾಯದ ಸಂಖ್ಯೆ, ಟಿಪ್ಪಣಿ ಇವೆಯಾ? ಈ ಮೂರಕ್ಕೂ ಉತ್ತರ ಸಿಗದಿದ್ದರೆ ಪುಸ್ತಕವನ್ನು ಅಲ್ಲೇ ಬಿಟ್ಟು ಬನ್ನಿ. ಸ್ಟೀಫನ್ ಮಿಚೆಲ್ ಅವರ 1988ರ ಇಂಗ್ಲಿಷ್ ಲಾವೋತ್ಸೆ ತುಂಬ ಮಾರಾಟವಾದದ್ದು, ಓದಲೂ ಹಿತ. ಆದರೆ ಅವರು ಚೀನೀ ಬಲ್ಲವರಲ್ಲ. ಅದನ್ನು ಅವರು ಮುಚ್ಚಿಟ್ಟಿಲ್ಲ, ಓದುಗರು ಗಮನಿಸುವುದಿಲ್ಲ ಅಷ್ಟೇ. ಎರಡನೆಯ ಪುಸ್ತಕವಾಗಿ ಅದು ಇರಲಿ, ಮೊದಲನೆಯದಾಗಿ ಬೇಡ.

ಅರ್ಧ ಹಾಳೆಯಲ್ಲಿ ಕಾಲರೇಖೆ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಷ್ಟು ಬರೆದುಕೊಂಡರೆ ಸಾಕು. ಕನ್‌ಫ್ಯೂಷಿಯಸ್ ಕ್ರಿ.ಪೂ. 551ರಿಂದ 479. ಊರು ಲೂ ಅನ್ನುವ ಸಣ್ಣ ರಾಜ್ಯ, ಈಗಿನ ಶಾಂಡೊಂಗ್ ಪ್ರಾಂತ್ಯ. ಅವನ ನಂತರದ ಕಾಲಕ್ಕೆ 'ಕಾದಾಡುವ ರಾಜ್ಯಗಳ ಕಾಲ' ಅಂತಲೇ ಹೆಸರು. ಕ್ರಿ.ಪೂ. 221ರಲ್ಲಿ ಛಿನ್ ರಾಜ್ಯ ಉಳಿದವರನ್ನೆಲ್ಲ ನುಂಗಿ ನೀರು ಕುಡಿಯುವ ತನಕ ಆ ಕಾದಾಟ ನಡೆಯಿತು. ಚುವಾಂಗ್‌ತ್ಸೆ ಕ್ರಿ.ಪೂ. 4ನೇ ಶತಮಾನದವನು.

ಲಾವೋತ್ಸೆಯ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಅವನು ಝೌ ರಾಜವಂಶದ ಅರಮನೆಯ ಗ್ರಂಥಪಾಲಕನಾಗಿದ್ದ, ಬೇಸತ್ತು ದೇಶ ಬಿಟ್ಟು ಹೊರಟಾಗ ಗಡಿಯ ಕಾವಲುಗಾರ ತಡೆದು ಪುಸ್ತಕ ಬರೆಸಿಕೊಂಡ ಅನ್ನುವ ಕಥೆ ಕೇಳಿರುತ್ತೀರಿ. ಆ ಕಥೆ ಬರೆದ ಇತಿಹಾಸಕಾರ ಸಿಮಾ ಛಿಯೆನ್ ಬದುಕಿದ್ದು ಕ್ರಿ.ಪೂ. 100ರ ಸುಮಾರಿಗೆ. ಲಾವೋತ್ಸೆ ನಿಜಕ್ಕೂ ಯಾರು ಅನ್ನುವುದು ಅವನಿಗೇ ಖಾತ್ರಿ ಇರಲಿಲ್ಲ. ಇನ್ನೂ ಒಂದಿಬ್ಬರ ಹೆಸರು ಹೇಳಿ, ಇವರೇ ಅವನಿರಬಹುದೇನೋ ಅಂತ ಬರೆದಿಟ್ಟಿದ್ದಾನೆ.

ಹುಡುಕುವಾಗ ಒಂದು ತೊಡಕು ಇದೆ. ಚೀನೀ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವ ಪದ್ಧತಿ ಎರಡು, ಹಳೆಯದೊಂದು, ಹೊಸದೊಂದು. ಹಳೆಯದರಲ್ಲಿ ಚುವಾಂಗ್‌ತ್ಸು ಆದವನು ಹೊಸದರಲ್ಲಿ ಝುವಾಂಗ್‌ಜಿ. ತಾವೋ ಆಗಿದ್ದದ್ದು ದಾವೊ. ಪುಸ್ತಕದಂಗಡಿಯ ಜಾಲತಾಣದಲ್ಲಿ ಎರಡೂ ಕಾಗುಣಿತ ಹಾಕಿ ನೋಡಿ. ಇಲ್ಲದಿದ್ದರೆ ಅರ್ಧ ಪುಸ್ತಕಗಳು ಕಣ್ಣಿಗೇ ಬೀಳುವುದಿಲ್ಲ.

ಕನ್‌ಫ್ಯೂಷಿಯಸ್: 18ನೇ ಭಾಗದಿಂದ ಶುರು ಮಾಡಿ

ಕನ್‌ಫ್ಯೂಷಿಯಸ್‌ನ ಮಾತುಗಳ ಸಂಗ್ರಹಕ್ಕೆ ಇಂಗ್ಲಿಷಿನಲ್ಲಿ ಅನಲೆಕ್ಟ್ಸ್ ಅನ್ನುತ್ತಾರೆ. 20 ಭಾಗ, ಸುಮಾರು 500 ತುಣುಕು. ಡಿ.ಸಿ. ಲಾವ್ ಅವರ ಅನುವಾದ ಸರಳವಾಗಿದೆ, ಮುನ್ನುಡಿಯೂ ಚೆನ್ನಾಗಿದೆ. ಟಿಪ್ಪಣಿ ಜಾಸ್ತಿ ಬೇಕು ಅನ್ನುವವರಿಗೆ ಎಡ್ವರ್ಡ್ ಸ್ಲಿಂಗರ್‌ಲ್ಯಾಂಡ್ ಅವರ 2003ರ ಅನುವಾದ. ಪ್ರತಿ ತುಣುಕಿನ ಕೆಳಗೂ ಹಳೆಯ ಚೀನೀ ವ್ಯಾಖ್ಯಾನಕಾರರು ಏನಂದರು ಅಂತ ಅದರಲ್ಲಿ ಕೊಟ್ಟಿದ್ದಾರೆ.

ಮೊದಲ ಪುಟದಿಂದ ಓದಬೇಡಿ. ಅದರಲ್ಲೂ 10ನೇ ಭಾಗವನ್ನು ಸದ್ಯಕ್ಕೆ ಹಾರಿಸಿ. ಯಾವ ಬಟ್ಟೆ, ಯಾವ ಊಟ, ಚಾಪೆ ಸೊಟ್ಟ ಇದ್ದರೆ ಕೂರುತ್ತಿರಲಿಲ್ಲ ಅನ್ನುವಂಥದ್ದೇ ಅಲ್ಲಿ ತುಂಬಿದೆ. ಮೊದಲು 18ನೇ ಭಾಗ ತೆಗೆಯಿರಿ. ಅದರಲ್ಲಿ ಒಂದು ಪ್ರಸಂಗ ಬರುತ್ತದೆ.

ಕನ್‌ಫ್ಯೂಷಿಯಸ್ ಶಿಷ್ಯರ ಜೊತೆ ಗಾಡಿಯಲ್ಲಿ ಹೋಗುತ್ತಿದ್ದಾನೆ. ಹೊಲದಲ್ಲಿ ಇಬ್ಬರು ಉಳುತ್ತಿದ್ದಾರೆ. ನದಿ ದಾಟುವ ಜಾಗ ಎಲ್ಲಿದೆ ಅಂತ ಕೇಳಿ ಬಾ ಅಂತ ಶಿಷ್ಯ ಝಿಲೂನನ್ನು ಕಳಿಸುತ್ತಾನೆ. 'ಲಗಾಮು ಹಿಡಿದು ಕೂತಿರೋದು ಯಾರು?' ಅಂತ ಒಬ್ಬ ಕೇಳುತ್ತಾನೆ. ಕನ್‌ಫ್ಯೂಷಿಯಸ್ ಅಂದಾಗ, 'ಲೂ ರಾಜ್ಯದವನಾ? ಹಾಗಾದರೆ ನದಿ ದಾಟೋ ಜಾಗ ಅವನಿಗೇ ಗೊತ್ತಿರಬೇಕಲ್ಲ' ಅಂತ ಚುಚ್ಚುತ್ತಾನೆ. ಇನ್ನೊಬ್ಬ ಇನ್ನೂ ಖಾರ. ಲೋಕವೆಲ್ಲ ಪ್ರವಾಹದಲ್ಲಿ ಕೊಚ್ಚಿ ಹೋಗುತ್ತಿದೆ, ಇದನ್ನು ಬದಲಾಯಿಸೋರು ಯಾರು? ಕೆಟ್ಟ ದೊರೆಗಳಿಂದ ತಪ್ಪಿಸಿಕೊಂಡು ಊರೂರು ಅಲೆಯುವವನ ಹಿಂದೆ ಹೋಗುವುದಕ್ಕಿಂತ ಲೋಕವನ್ನೇ ಬಿಟ್ಟವರ ಜೊತೆ ಸೇರಿಕೋ ಅನ್ನುತ್ತಾನೆ. ಇಷ್ಟು ಮಾತಾಡುವಾಗಲೂ ಬೀಜದ ಮೇಲೆ ಮಣ್ಣು ಎಳೆಯುವ ಕೆಲಸ ನಿಲ್ಲಿಸುವುದಿಲ್ಲ.

ಝಿಲೂ ಬಂದು ಹೇಳಿದಾಗ ಗುರುವಿನ ಮುಖ ಬಾಡುತ್ತದೆ. 'ಹಕ್ಕಿಗಳ ಜೊತೆ, ಮೃಗಗಳ ಜೊತೆ ಗುಂಪು ಕಟ್ಟೋಕಾಗುತ್ತಾ? ಈ ಮನುಷ್ಯರ ಜೊತೆ ಅಲ್ಲದೆ ಇನ್ಯಾರ ಜೊತೆ ಇರಲಿ? ಲೋಕ ಸರಿಯಾಗಿದ್ದರೆ ಬದಲಾಯಿಸುವ ಗೋಜಿಗೇ ನಾನು ಹೋಗ್ತಿರಲಿಲ್ಲ' ಅನ್ನುವ ಅರ್ಥದ ಮಾತಾಡುತ್ತಾನೆ.

ಜಗಳ ಇದೇ. ಎರಡೂ ಪಕ್ಷದ ಮಾತು ಒಂದೇ ಪುಟದಲ್ಲಿದೆ. ಮುಂದೆ ಏನೇ ಓದಿದರೂ ಈ ಹೊಲ ನೆನಪಿರಲಿ.

ಇದಾದ ಮೇಲೆ 5, 6, 7, 9 ಮತ್ತು 11ನೇ ಭಾಗಗಳನ್ನು ಓದಿ. ಇವುಗಳಲ್ಲಿ ಶಿಷ್ಯರ ಪರಿಚಯ ಆಗುತ್ತದೆ. ಝಿಲೂ ಧೈರ್ಯವಂತ, ಮುನ್ನುಗ್ಗುವವನು. ಝಿಗೊಂಗ್ ಚುರುಕು ಮಾತಿನವನು, ವ್ಯಾಪಾರದಲ್ಲೂ ಪಳಗಿದವನು. ಯಾನ್ ಹುಯಿ ಬಡವ, ಓಣಿಯ ಮನೆ, ಒಂದು ಬುಟ್ಟಿ ಅನ್ನ, ಒಂದು ಬುರುಡೆ ನೀರು. ಅಷ್ಟರಲ್ಲೇ ಸಂತೋಷವಾಗಿದ್ದವನು. ಗುರುವಿಗೆ ಅಚ್ಚುಮೆಚ್ಚು. ಸಣ್ಣ ವಯಸ್ಸಿನಲ್ಲೇ ಸತ್ತ. ಅವನು ಸತ್ತಾಗ ಕನ್‌ಫ್ಯೂಷಿಯಸ್ ಶಿಷ್ಯರೇ ಗಾಬರಿಯಾಗುವಷ್ಟು ಅತ್ತ. ಈ ಯಾನ್ ಹುಯಿಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದಿನ ಪುಸ್ತಕದಲ್ಲಿ ಮತ್ತೆ ಸಿಗುತ್ತಾನೆ.

ಇಷ್ಟು ಸಾಕು. ಪೂರ್ತಿ ಮುಗಿಸಲೇಬೇಕು ಅನ್ನುವ ಹಟ ಬೇಡ.

ಚುವಾಂಗ್‌ತ್ಸೆ: ಮೊದಲು ಕಟುಕನ ಕಥೆ

ಚುವಾಂಗ್‌ತ್ಸೆಯ ಪುಸ್ತಕಕ್ಕೂ ಅವನದೇ ಹೆಸರು. ಈಗ ಸಿಗುವ 'ಚುವಾಂಗ್‌ತ್ಸೆ'ಯಲ್ಲಿ 33 ಅಧ್ಯಾಯಗಳಿವೆ. ಕ್ರಿ.ಶ. 312ರಲ್ಲಿ ತೀರಿಕೊಂಡ ಗುವೋ ಶಿಯಾಂಗ್ ಅನ್ನುವವನು ಹಳೆಯ, ಇನ್ನೂ ದೊಡ್ಡ ಪಠ್ಯವನ್ನು ಕತ್ತರಿಸಿ ಹೀಗೆ ಜೋಡಿಸಿದ. ಮೊದಲ 7 'ಒಳ ಅಧ್ಯಾಯ', ಆಮೇಲಿನ 15 'ಹೊರ ಅಧ್ಯಾಯ', ಉಳಿದ 11 ಬಿಡಿಬಿಡಿ. ಚುವಾಂಗ್‌ತ್ಸೆಯ ಸ್ವಂತ ಕೈಗೆ ಹತ್ತಿರವಾದವು ಮೊದಲ 7 ಅಂತ ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಬರ್ಟನ್ ವಾಟ್ಸನ್ ಅವರ 1968ರ ಪೂರ್ತಿ ಅನುವಾದ ಇವತ್ತಿಗೂ ಓದಲು ಸುಲಭ. ತಲೆಗೆ ಕೆಲಸ ಜಾಸ್ತಿ ಬೇಕಿದ್ದರೆ ಎ.ಸಿ. ಗ್ರಹಾಂ ಅವರ 1981ರ ಅನುವಾದ ನೋಡಿ.

ಒಳ ಅಧ್ಯಾಯಗಳನ್ನು ನಾನು ಈ ಕ್ರಮದಲ್ಲಿ ಓದಿ ಅನ್ನುತ್ತೇನೆ: 3, 1, 4, 5, 6, 7, ಕೊನೆಗೆ 2. ಮೂರನೆಯದು ಪುಟ್ಟದು. ಅದರಲ್ಲಿ ದಿಂಗ್ ಅನ್ನುವ ಕಟುಕ ದೊರೆಯ ಮುಂದೆ ಎತ್ತನ್ನು ಕಡಿಯುತ್ತಾನೆ. ಕತ್ತಿ ಹಿಡಿದು 19 ವರ್ಷ, ಸಾವಿರಾರು ಎತ್ತು ಕಡಿದಿದ್ದಾನೆ, ಕತ್ತಿ ಈಗ ತಾನೇ ಸಾಣೆ ಹಿಡಿದ ಹಾಗೇ ಇದೆ. ಸಾಧಾರಣ ಕಟುಕರು ತಿಂಗಳಿಗೊಂದು ಕತ್ತಿ ಹಾಳು ಮಾಡುತ್ತಾರೆ. ಇವನು ಮೂಳೆಗೆ ತಾಗಿಸುವುದೇ ಇಲ್ಲ. ಕೀಲಿನ ಸಂದುಗಳಲ್ಲಿ ಜಾಗ ಇದೆ, ಕತ್ತಿಯ ಅಂಚಿಗೆ ದಪ್ಪ ಇಲ್ಲ, ಅಲ್ಲಿ ಹಾಯಿಸುತ್ತಾನೆ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಒಂದು ಮಾತು ಬಿಟ್ಟುಬಿಡುತ್ತಾರೆ. ತೊಡಕಾದ ಗಂಟು ಬಂದಾಗ ದಿಂಗ್ ನಿಲ್ಲುತ್ತಾನೆ, ಎಚ್ಚರ ಮಾಡಿಕೊಳ್ಳುತ್ತಾನೆ, ಕತ್ತಿಯನ್ನು ಕೂದಲೆಳೆಯಷ್ಟು ಮಾತ್ರ ಆಡಿಸುತ್ತಾನೆ. 'ಸುಮ್ನೆ ಹರಿಯುವ ನೀರಿನ ಹಾಗೆ ಇರು' ಅನ್ನುವ ಸೋಮಾರಿ ದಾವ್ ಇದಲ್ಲ.

4ನೇ ಅಧ್ಯಾಯಕ್ಕೆ ಬಂದಾಗ ಕನ್‌ಫ್ಯೂಷಿಯಸ್‌ನನ್ನು ಮೊದಲೇ ಓದಿದ್ದರ ಫಲ ಸಿಗುತ್ತದೆ. ಅಲ್ಲಿ ಮಾತಾಡುವವರು ಯಾರು ಗೊತ್ತಾ? ಕನ್‌ಫ್ಯೂಷಿಯಸ್ ಮತ್ತು ಯಾನ್ ಹುಯಿ! ಎದುರು ಪಕ್ಷದ ಗುರುವನ್ನೇ ಚುವಾಂಗ್‌ತ್ಸೆ ತನ್ನ ನಾಟಕಕ್ಕೆ ಎಳೆದು ತಂದು ತನ್ನ ಮಾತು ಆಡಿಸುತ್ತಾನೆ. ವೇ ರಾಜ್ಯದ ದೊರೆ ಕ್ರೂರಿ, ಹೋಗಿ ಅವನನ್ನು ತಿದ್ದುತ್ತೇನೆ ಅಂತ ಯಾನ್ ಹುಯಿ ಹೊರಡುತ್ತಾನೆ. 'ಹೋದರೆ ತಲೆ ಹೋಗುತ್ತೆ ಅಷ್ಟೇ' ಅನ್ನುವುದು ಗುರುವಿನ ಧಾಟಿ. ಶಿಷ್ಯ ಒಂದೊಂದೇ ಉಪಾಯ ಹೇಳುತ್ತಾನೆ, ಗುರು ಒಂದೊಂದನ್ನೂ ಹೊಡೆದು ಹಾಕುತ್ತಾನೆ. ಕೊನೆಗೆ, ನೀನು ಉಪವಾಸ ಮಾಡಬೇಕು ಅನ್ನುತ್ತಾನೆ. ಯಾನ್ ಹುಯಿ ಹೇಳುತ್ತಾನೆ: 'ನಮ್ಮ ಮನೆ ಬಡತನದ್ದು. ಹೆಂಡ ಕುಡಿಯದೆ, ಮಾಂಸ ತಿನ್ನದೆ ಎಷ್ಟೋ ತಿಂಗಳಾಯ್ತು. ಅದು ಉಪವಾಸ ಅಲ್ಲವೇ?' ಅಲ್ಲ, ಅದು ಪೂಜೆಯ ಉಪವಾಸ. ನಾನು ಹೇಳಿದ್ದು ಮನಸ್ಸಿನ ಉಪವಾಸ ಅನ್ನುತ್ತಾನೆ ಗುರು.

ಓಣಿಯ ಮನೆಯ, ಒಂದು ಬುಟ್ಟಿ ಅನ್ನದ ಹುಡುಗ ಗೊತ್ತಿದ್ದರೆ ಇಲ್ಲಿ ನಗು ಬರುತ್ತದೆ. ಗೊತ್ತಿಲ್ಲದಿದ್ದರೆ ಯಾವುದೋ ಚೀನೀ ಹೆಸರಿನ ಇಬ್ಬರು ಉಪವಾಸದ ಬಗ್ಗೆ ಮಾತಾಡಿದರು ಅಷ್ಟೇ. 6ನೇ ಅಧ್ಯಾಯದಲ್ಲಿ ಇದೇ ಯಾನ್ ಹುಯಿ ಧರ್ಮ, ನ್ಯಾಯ, ಆಚಾರ, ಸಂಗೀತ ಎಲ್ಲವನ್ನೂ ಮರೆತೆ ಅಂತ ಬರುತ್ತಾನೆ. ಕೊನೆಗೆ ಗುರುವೇ 'ನಾನು ನಿನ್ನ ಶಿಷ್ಯನಾಗ್ತೀನಿ' ಅನ್ನುವ ಹಾಗಾಗುತ್ತದೆ.

2ನೇ ಅಧ್ಯಾಯ ಕಷ್ಟ. ಚಿಟ್ಟೆಯ ಕನಸು ಅದರ ಕೊನೆಯಲ್ಲಿದೆ, ಅದಕ್ಕೇ ಎಲ್ಲರೂ ಅಲ್ಲಿಗೆ ಓಡುತ್ತಾರೆ. ಮೊದಲ ಓದಿನಲ್ಲಿ ಕಥೆಗಳನ್ನು ಮಾತ್ರ ಹಿಡಿದುಕೊಳ್ಳಿ. ಬೆಳಿಗ್ಗೆ 3, ಸಂಜೆ 4 ಕಾಯಿ ಅಂದರೆ ಸಿಟ್ಟಾಗಿ, ಬೆಳಿಗ್ಗೆ 4, ಸಂಜೆ 3 ಅಂದಾಗ ಖುಷಿಯಾದ ಕೋತಿಗಳು ಅಲ್ಲಿವೆ. ತರ್ಕದ ಭಾಗ ಎರಡನೆಯ ಓದಿಗಿರಲಿ.

ಹೊರ ಅಧ್ಯಾಯಗಳಲ್ಲಿ 17 ಮತ್ತು 18 ಬಿಡಬೇಡಿ. 17ರಲ್ಲಿ ಮೀನಿನ ಖುಷಿ ನಿನಗೆ ಹೇಗೆ ಗೊತ್ತು ಅಂತ ಗೆಳೆಯ ಹುಯಿತ್ಸೆ ವಾದಕ್ಕೆ ನಿಲ್ಲುತ್ತಾನೆ. 18ರಲ್ಲಿ ಹೆಂಡತಿ ಸತ್ತಾಗ ಚುವಾಂಗ್‌ತ್ಸೆ ಕಾಲು ಚಾಚಿ ಕೂತು ಪಾತ್ರೆ ಬಡಿಯುತ್ತ ಹಾಡುತ್ತಿರುತ್ತಾನೆ. ಅಲ್ಲೂ ಬಂದು ಬೈಯುವವನು ಇದೇ ಹುಯಿತ್ಸೆ.

ಈಗ ಲಾವೋತ್ಸೆ

ಇಲ್ಲಿ ಕನಿಷ್ಠ ಎರಡು ಅನುವಾದ ಪಕ್ಕ ಪಕ್ಕ ಇಟ್ಟುಕೊಳ್ಳಿ. ಒಂದು ಡಿ.ಸಿ. ಲಾವ್ ಅವರ 1963ರದ್ದು. ಇನ್ನೊಂದು ಜೇಮ್ಸ್ ಲೆಗ್ ಅವರ 1891ರದ್ದು. ಅದು ಬಿಟ್ಟಿಯಾಗಿ ಸಿಗುತ್ತದೆ. ಚೈನೀಸ್ ಟೆಕ್ಸ್ಟ್ ಪ್ರಾಜೆಕ್ಟ್ ಅನ್ನುವ ಜಾಲತಾಣದಲ್ಲಿ ಚೀನೀ ಮೂಲದ ಜೊತೆಗೇ ಅದನ್ನು ಓದಬಹುದು. ಲೆಗ್ ಪಾದ್ರಿ, ಭಾಷೆ ಹಳೆಯ ಕಾಲದ್ದು, ಕೆಲವು ಕಡೆ ಪ್ರಾಸಕ್ಕಾಗಿ ಒದ್ದಾಡಿದ್ದಾನೆ. ಆದರೂ ಹೋಲಿಸಿ ನೋಡಲು ಒಳ್ಳೆಯ ಜೊತೆಗಾರ. ಕನ್ನಡದಲ್ಲಿ ಯು.ಆರ್. ಅನಂತಮೂರ್ತಿಯವರ 'ದಾವ್ ದ ಜಿಂಗ್' ಇದೆ. ಅದನ್ನು ಗಟ್ಟಿಯಾಗಿ ಓದಿ. ಎರಡು ಇಂಗ್ಲಿಷ್ ಅನುವಾದಗಳು ಜಗಳ ಆಡುವ ಕಡೆ ಪೆನ್ಸಿಲ್ ಗುರುತು ಹಾಕಿ. ಮೂಲವೇ ಗಂಟಾಗಿರುವ ಜಾಗಗಳು ಬಹುಮಟ್ಟಿಗೆ ಅವೇ.

1ನೇ ಅಧ್ಯಾಯದಿಂದ ಶುರು ಮಾಡಬೇಡಿ. 8, 11, 17, 64 ಮೊದಲು. ಆಮೇಲೆ ಗುಂಪು ಮಾಡಿಕೊಂಡು ಓದಿ. ನೀರಿನ ಬಗ್ಗೆ 8, 66, 78. ಯುದ್ಧದ ಬಗ್ಗೆ 30, 31, 69. ಗೆದ್ದರೂ ಸಾವಿನ ಮನೆಯ ವಿಧಿಯಲ್ಲಿ ನಡೆದುಕೊಳ್ಳಬೇಕು ಅನ್ನುವುದು 31ರಲ್ಲಿದೆ. ಆಳ್ವಿಕೆಯ ಬಗ್ಗೆ 3, 17, 57, 60, 80.

ಈ ಕೊನೆಯ ಗುಂಪನ್ನು ಹಾರಿಸಿದರೆ ಲಾವೋತ್ಸೆ ಅರ್ಧ ಮಾತ್ರ ಸಿಗುತ್ತಾನೆ. ಪುಸ್ತಕದ ತುಂಬ ಅವನು ಮಾತಾಡಿಸುತ್ತಿರುವುದು ದೊರೆಯನ್ನು. ದೊಡ್ಡ ರಾಜ್ಯ ಆಳುವುದು ಸಣ್ಣ ಮೀನು ಬೇಯಿಸಿದ ಹಾಗೆ ಅನ್ನುತ್ತಾನೆ 60ರಲ್ಲಿ. ಕೈಯಾಡಿಸಿದಷ್ಟೂ ಪುಡಿಯಾಗುತ್ತದೆ ಅಂತ ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಇದು ಹಿತವಾಗಿದೆ. ಆದರೆ 3ನೇ ಅಧ್ಯಾಯ ನೋಡಿ: ಜನರ ಮನಸ್ಸು ಖಾಲಿ ಮಾಡು, ಹೊಟ್ಟೆ ತುಂಬಿಸು, ಅವರಿಗೆ ತಿಳಿವೂ ಬೇಡ, ಆಸೆಯೂ ಬೇಡ. ಇದು ಕರುಣೆಯೋ, ದಬ್ಬಾಳಿಕೆಯೋ? ಸುಲಭದ ಉತ್ತರ ಕೊಡುವ ಪುಸ್ತಕಗಳನ್ನು ನಾನಂತೂ ನಂಬುವುದಿಲ್ಲ.

ಅಲ್ಲಮನನ್ನು, ಬೆಡಗಿನ ವಚನಗಳನ್ನು ಓದಿದವರಿಗೆ ಇಲ್ಲಿನ ತಿರುಗುಮುರುಗು ಮಾತುಗಳು ಹೊಸದೇನಲ್ಲ. ಅದು ಲಾಭವೇ. ಆದರೆ 'ಓ, ಇದು ನಮ್ಮ ಬಯಲೇ' ಅಂತ ಮೊದಲ ವಾರದಲ್ಲೇ ತೀರ್ಮಾನ ಮಾಡಬೇಡಿ. ಅಲ್ಲಮ ಗುಹೇಶ್ವರನನ್ನು ಕರೆಯುತ್ತಾನೆ, ಲಾವೋತ್ಸೆ ತೆರಿಗೆ ಜಾಸ್ತಿ ಆದ್ದರಿಂದ ಜನ ಹಸಿದಿದ್ದಾರೆ ಅನ್ನುತ್ತಾನೆ, 75ನೇ ಅಧ್ಯಾಯದಲ್ಲಿ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. 5ನೇ ಅಧ್ಯಾಯ ಹೀಗೆ ಶುರುವಾಗುತ್ತದೆ: ಆಕಾಶ ಭೂಮಿಗಳಿಗೆ ಕರುಣೆ ಇಲ್ಲ, ಎಲ್ಲವನ್ನೂ ಹುಲ್ಲಿನ ನಾಯಿಗಳ ಹಾಗೆ ಕಾಣುತ್ತವೆ. ಹುಲ್ಲಿನ ನಾಯಿ ಏನು ಅಂತ ಚುವಾಂಗ್‌ತ್ಸೆಯ 14ನೇ ಅಧ್ಯಾಯ ಹೇಳುತ್ತದೆ. ಪೂಜೆಗೆ ಮೊದಲು ಅದನ್ನು ಕಸೂತಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪೂಜೆ ಮುಗಿದ ಮೇಲೆ ದಾರಿಹೋಕರು ತುಳಿಯುತ್ತಾರೆ, ಒಲೆಗೆ ಹಾಕುತ್ತಾರೆ. ಇನ್ನು ಇಲ್ಲಿ ಇಲ್ಲ ಅಂದ ಕರುಣೆ ಕನ್‌ಫ್ಯೂಷಿಯಸ್‌ನ ಎಲ್ಲಕ್ಕಿಂತ ದೊಡ್ಡ ಮೌಲ್ಯ. ಅಂದರೆ ಈ ಸಾಲು ಅವನ ಪಕ್ಷದವರ ಕೆನ್ನೆಗೇ ಬಿದ್ದ ಏಟು.

ಇಲ್ಲೊಂದು ತಿರುವು ಇದೆ. 1993ರಲ್ಲಿ ಹುಬೇ ಪ್ರಾಂತ್ಯದ ಗುವೋದಿಯೆನ್‌ನ ಒಂದು ಗೋರಿಯಲ್ಲಿ ಬಿದಿರಿನ ಪಟ್ಟಿಗಳು ಸಿಕ್ಕವು. ಸುಮಾರು ಕ್ರಿ.ಪೂ. 300ರವು. ನಮಗೆ ಸಿಕ್ಕ ಲಾವೋತ್ಸೆಯ ಪಠ್ಯಗಳಲ್ಲಿ ಅತಿ ಹಳೆಯದು ಅದೇ, ಇಡೀ ಪುಸ್ತಕದ ಅರ್ಧಕ್ಕಿಂತ ಕಮ್ಮಿ. ಅದರಲ್ಲಿ 5ನೇ ಅಧ್ಯಾಯದ ನಡುವೆ ಬರುವ, ಆಕಾಶ ಭೂಮಿಗಳ ನಡುವಿನ ಜಾಗವನ್ನು ಕಮ್ಮಾರನ ತಿದಿಗೆ ಹೋಲಿಸುವ ಸಾಲುಗಳಿವೆ, ಹುಲ್ಲಿನ ನಾಯಿ ಇಲ್ಲ. ಕರುಣೆಯನ್ನೂ ನ್ಯಾಯವನ್ನೂ ಬಿಸಾಡಿ ಅಂತ ಈಗಿನ 19ನೇ ಅಧ್ಯಾಯ ಹೇಳುತ್ತದೆ. ಬಿದಿರಿನ ಪಟ್ಟಿಯಲ್ಲಿ ಆ ಮಾತೂ ಇಲ್ಲ. ಜಗಳ ಕಾಲಕ್ರಮೇಣ ಬಿಸಿಯಾಯಿತು, ಸಾಲುಗಳು ಆಮೇಲೆ ಹರಿತವಾದವು ಅಂತ ಹಲವರು ಇದನ್ನು ಓದುತ್ತಾರೆ. 1973ರಲ್ಲಿ ಛಾಂಗ್‌ಶಾ ಹತ್ತಿರದ ಮಾವಾಂಗ್‌ದುಯಿಯಲ್ಲಿ ಸಿಕ್ಕ ರೇಷ್ಮೆ ಪ್ರತಿಗಳಲ್ಲಂತೂ ಪುಸ್ತಕದ ಎರಡನೆಯ ಭಾಗವೇ ಮೊದಲು ಬರುತ್ತದೆ. ಆದ್ದರಿಂದ ನಿಮ್ಮ ಅನುವಾದ ಯಾವ ಪಠ್ಯವನ್ನು ಆಧರಿಸಿದೆ ಅಂತ ಮುನ್ನುಡಿಯಲ್ಲಿ ನೋಡಿಕೊಳ್ಳಿ. ಹಳೆಯ ಅನುವಾದಗಳೆಲ್ಲ ಬಹುಮಟ್ಟಿಗೆ ವಾಂಗ್ ಬಿ ಅನ್ನುವ ವ್ಯಾಖ್ಯಾನಕಾರನ ಪಠ್ಯದವು. ಆ ಹುಡುಗ ಕ್ರಿ.ಶ. 226ರಲ್ಲಿ ಹುಟ್ಟಿ 249ರಲ್ಲಿ ಸತ್ತ. ಅಷ್ಟರಲ್ಲಿ ಬರೆದ ವ್ಯಾಖ್ಯಾನವನ್ನು ಇವತ್ತಿಗೂ ಓದುತ್ತಾರೆ!

ಮುಂದೆ ಹೋಗುವ ಮನಸ್ಸಿದ್ದರೆ

ದಾವ್ ಧರ್ಮದ ದೇವಸ್ಥಾನ, ಪೂಜಾರಿ, ಅಮರತ್ವದ ಔಷಧಿ ಇವೆಲ್ಲ ಬೇರೆ ಕಥೆ. ಸಿಚುವಾನ್‌ನಲ್ಲಿ ಝಾಂಗ್ ದಾವ್‌ಲಿಂಗ್‌ಗೆ ಲಾವೋತ್ಸೆ ದೇವರಾಗಿ ದರ್ಶನ ಕೊಟ್ಟ ಅಂತ ಭಕ್ತರು ಹೇಳುವುದು ಕ್ರಿ.ಶ. 142ರಲ್ಲಿ. ಅದರ ಪುಸ್ತಕಗಳೇ ಬೇರೆ. ಎರಡನ್ನೂ ಒಟ್ಟಿಗೆ ಕಲಸಿಕೊಳ್ಳಬೇಡಿ.

ಜಗಳದ ಮುಂದಿನ ಸುತ್ತು ಬೇಕಿದ್ದರೆ ಇಬ್ಬರಿದ್ದಾರೆ. ಒಬ್ಬ ಶುನ್‌ತ್ಸೆ, ಕನ್‌ಫ್ಯೂಷಿಯಸ್ ಪಕ್ಷದವನು. ಚುವಾಂಗ್‌ತ್ಸೆ ಆಕಾಶ ನೋಡಿ ನೋಡಿ ಮನುಷ್ಯನನ್ನೇ ಕಾಣದೆ ಹೋದ ಅನ್ನುವ ಅವನ ಟೀಕೆ 21ನೇ ಅಧ್ಯಾಯದಲ್ಲಿದೆ. ಇನ್ನೊಬ್ಬ ಆ ಶುನ್‌ತ್ಸೆಯ ಶಿಷ್ಯ ಹಾನ್ ಫೇ. ಕ್ರಿ.ಪೂ. 233ರಲ್ಲಿ ಛಿನ್ ರಾಜ್ಯದ ಸೆರೆಮನೆಯಲ್ಲಿ ಸತ್ತ. ಅವನ ಪುಸ್ತಕದ 20 ಮತ್ತು 21ನೇ ಅಧ್ಯಾಯಗಳು ಲಾವೋತ್ಸೆಗೆ ಬರೆದ ವ್ಯಾಖ್ಯಾನ. 5ನೆಯದರಲ್ಲಿ ದೊರೆಗೆ ಪಾಠ ಹೇಳುತ್ತಾನೆ: ನಿನ್ನ ಆಸೆ ತೋರಿಸಬೇಡ, ತೋರಿಸಿದರೆ ಮಂತ್ರಿಗಳು ಅದಕ್ಕೆ ತಕ್ಕ ವೇಷ ಹಾಕುತ್ತಾರೆ. ಖಾಲಿಯಾಗಿ, ಸುಮ್ಮನೆ ಕೂತು, ಎಲ್ಲರನ್ನೂ ಗಮನಿಸು. ಶಾಂತಿಯ ಪುಸ್ತಕ ಅಂದುಕೊಂಡದ್ದು ಇಲ್ಲಿ ಅಧಿಕಾರದ ಕೈಪಿಡಿಯಾಗಿದೆ. ಹಾನ್ ಫೇಯ 5 ಮತ್ತು ಶುನ್‌ತ್ಸೆಯ 21, ಎರಡೂ ವಾಟ್ಸನ್ ಅವರ ಆಯ್ದ ಅನುವಾದಗಳಲ್ಲಿವೆ. ಓದಿ ಮುಗಿಸಿದ ಮೇಲೆ ಲಾವೋತ್ಸೆಯ 3 ಮತ್ತು 17ನೇ ಅಧ್ಯಾಯಗಳನ್ನು ಇನ್ನೊಮ್ಮೆ ತೆಗೆದು, ಹಾನ್ ಫೇ ಓದಿದ್ದು ತಪ್ಪೇ ಅಂತ ನೀವೇ ನೋಡಿ.